ಓದಿ ಹೇಳಿ ಕೇಳಿದೆ, ಸರಿ ಇರುತ್ತದೆ

ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಅಷ್ಟರಲ್ಲಿ ಮೂರು ಸಲ ಹಣೆ ಒರೆಸಿಕೊಂಡಿದ್ದರು. ನಡೆಯುತ್ತಿದ್ದದ್ದು ಕೊಲೆ ಪ್ರಕರಣ. ಆದರೆ ಕೊಲೆಯ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಮುಕ್ಕಾಲು ಗಂಟೆಯಿಂದ ಪಾಟೀಸವಾಲೆಲ್ಲ ಒಂದೇ ಒಂದು ಅಂಕಿಯ ಸುತ್ತ ತಿರುಗುತ್ತಿತ್ತು. ಸ್ಥಳ ಮಹಜರಿನ ಕೊನೆಯಲ್ಲಿ ಸಂಜೆ 6-30 ಎಂದು ಬರೆದಿದ್ದ ಕಡೆ ಆರರ ತಲೆ ಸುತ್ತಿ ಅದನ್ನು ಎಂಟು ಮಾಡಿದ್ದರು.

‘ಈ ಮಹಜರನ್ನು ನೀವು ಸ್ಥಳಕ್ಕೆ ಹೋಗದೆ ಠಾಣೆಯಲ್ಲೇ ಕೂತು ಬರೆದಿದ್ದೀರಿ ಎಂದರೆ ಸರಿಯೇ?’

‘ಸರಿಯಲ್ಲ.’

‘ಆಮೇಲೆ ಹೊಂದಿಸುವುದಕ್ಕಾಗಿ ಸಮಯ ತಿದ್ದಿದ್ದೀರಿ ಎಂದರೆ ಸರಿಯೇ?’

‘ಸರಿಯಲ್ಲ. ಬರೆಯುವಾಗಲೇ ಕೈತಪ್ಪಾಗಿತ್ತು.’

‘ತಿದ್ದಿದ ಕಡೆ ಚಿಕ್ಕ ಸಹಿ ಹಾಕಿದ್ದೀರಾ?’

‘ಇಲ್ಲ.’

ವಕೀಲರು ಕಾದಿದ್ದದ್ದು ಈ ಕೊನೆಯ ‘ಇಲ್ಲ’ಕ್ಕೆ. ನ್ಯಾಯಾಧೀಶರು ಅದನ್ನು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು. ಆ ಅಧಿಕಾರಿ ನಿಜ ಹೇಳುತ್ತಿದ್ದಾರೆ ಎಂದೇ ನನಗೆ ಅನಿಸಿತ್ತು. ಮಳೆಗಾಲದ ಸಂಜೆ, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯುವಾಗ ಆರು ಎಂಟಾಗುವುದು ದೊಡ್ಡ ಸಂಗತಿಯೇನಲ್ಲ. ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಎರಡಕ್ಷರ ಸಹಿ ಹಾಕಿದ್ದರೆ ಮುಕ್ಕಾಲು ಗಂಟೆಯ ಆ ಹಿಂಸೆ ಇರುತ್ತಿರಲಿಲ್ಲ. ಆ ಪ್ರಕರಣ ಏನಾಯಿತು ಎಂದು ಕೇಳಬೇಡಿ. ತೀರ್ಪಿನ ದಿನ ನಾನು ಬೇರೆ ಊರಿನಲ್ಲಿದ್ದೆ.

ತನಿಖೆಯಲ್ಲಿ ಓಡಾಟಕ್ಕಿಂತ ಬರವಣಿಗೆಯೇ ಜಾಸ್ತಿ ಎಂದು ಯಾವ ಠಾಣೆಯ ರೈಟರನ್ನು ಕೇಳಿದರೂ ಹೇಳುತ್ತಾರೆ. ಹೌದು, ನಮ್ಮ ಠಾಣೆಗಳಲ್ಲಿ ರೈಟರ್ ಎಂದೇ ಕರೆಸಿಕೊಳ್ಳುವವರಿದ್ದಾರೆ. ಹೆಚ್ಚಾಗಿ ಹೆಡ್ ಕಾನ್‌ಸ್ಟೆಬಲ್. ಸಾಹೇಬರ ಹೆಸರಿನಲ್ಲಿ ಹೊರಡುವ ಎಷ್ಟೋ ಹೇಳಿಕೆ, ಪಂಚನಾಮೆಗಳ ನಿಜವಾದ ಲೇಖಕರು ಇವರು. ಕಂಡವರು ಒಬ್ಬರು, ಕೇಳಿದವರು ಇನ್ನೊಬ್ಬರು, ಬರೆದವರು ಮತ್ತೊಬ್ಬರು, ಸಹಿ ಮಾಡಿದವರು ಮಗದೊಬ್ಬರು. ಮೂರು ವರ್ಷ ಬಿಟ್ಟು ಇವರಲ್ಲಿ ಒಬ್ಬರು ಕೋರ್ಟಿಗೆ ಬಂದು ‘ನಾನೇ ಬರೆದೆ’ ಎನ್ನಬೇಕು. ತನಿಖೆಯ ಟಿಪ್ಪಣಿ ಎಂಬ ವಸ್ತುವಿನ ಗೋಳೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಕಾನೂನು ಕೇಳುವುದು ಹೆಚ್ಚೇನಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 172ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 192ನೇ ಕಲಮು, ಎರಡೂ ಹೇಳುವುದು ಒಂದೇ. ತನಿಖಾಧಿಕಾರಿ ದಿನದಿನವೂ ಒಂದು ಡೈರಿ ಬರೆಯಬೇಕು. ಸುದ್ದಿ ತನಗೆ ಎಷ್ಟು ಹೊತ್ತಿಗೆ ತಲುಪಿತು, ಕೆಲಸ ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು, ಎಲ್ಲೆಲ್ಲಿ ಹೋದೆ, ಏನು ತಿಳಿಯಿತು ಎಂದು ಅದರಲ್ಲಿರಬೇಕು. ಇದೇ ಕೇಸ್ ಡೈರಿ. ಠಾಣೆಯ ಮಾತಿನಲ್ಲಿ ಸಿಡಿ. ‘ಎರಡು ವಾರದ ಸಿಡಿ ಬಾಕಿ ಇದೆ ಸಾರ್’ ಎಂಬ ಮಾತನ್ನು ಠಾಣೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ದಿನದಿನವೂ ಬರೆಯಬೇಕು ಎಂದು ಕಾನೂನು ಹೇಳಿದ ಪುಸ್ತಕದಲ್ಲಿ ಬಾಕಿ ಎಂಬುದೇ ಇರಬಾರದು. ಇಂದಿನದನ್ನು ಎರಡು ವಾರ ಬಿಟ್ಟು ಬರೆದರೆ ಅದು ಡೈರಿಯಲ್ಲ, ಆತ್ಮಕಥೆ.

ಈ ಡೈರಿಗೆ ಒಂದು ವಿಚಿತ್ರ ಸ್ಥಾನವಿದೆ. ನ್ಯಾಯಾಧೀಶರು ತರಿಸಿ ಓದಬಹುದು, ವಿಚಾರಣೆಗೆ ನೆರವಾಗಿ ಬಳಸಬಹುದು. ಸಾಕ್ಷ್ಯವೆಂದು ಮಾತ್ರ ಬಳಸುವಂತಿಲ್ಲ. ಆರೋಪಿಯಾಗಲಿ ಅವನ ವಕೀಲರಾಗಲಿ ‘ತೋರಿಸಿ’ ಎಂದು ಹಕ್ಕಿನಿಂದ ಕೇಳುವಂತಿಲ್ಲ. ಆದರೆ ಕಟಕಟೆಯಲ್ಲಿ ನಿಂತ ಅಧಿಕಾರಿ ನೆನಪು ಹಸಿರು ಮಾಡಿಕೊಳ್ಳಲು ಅದನ್ನು ತೆರೆದರೆ, ಅಥವಾ ಅವರ ಮಾತನ್ನು ಅಲ್ಲಗಳೆಯಲು ನ್ಯಾಯಾಲಯವೇ ಅದನ್ನು ಬಳಸಿದರೆ, ಆ ಮಟ್ಟಿಗೆ ಎದುರು ಪಕ್ಷಕ್ಕೂ ಬಾಗಿಲು ತೆರೆದಂತೆ. ಪಳಗಿದ ಅಧಿಕಾರಿಗಳು ಕಟಕಟೆಯಲ್ಲಿ ಸಿಡಿಯನ್ನು ಕಂಕುಳಲ್ಲಿಟ್ಟುಕೊಂಡೇ ನಿಂತಿರುವುದು ಅದಕ್ಕೇ.

1983ರಲ್ಲಿ ದೆಹಲಿಯ ಸೊಸೆಯೊಬ್ಬಳ ಸಾವಿನ ಬಗ್ಗೆ ಅವಳ ತಂದೆ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಾಲಯ ಪೊಲೀಸರ ಕೇಸ್ ಡೈರಿಯನ್ನು ಬಿಡಿಸಿ ನೋಡಿತು. ಅದನ್ನು ಇಟ್ಟಿದ್ದ ರೀತಿ ಕಂಡು ಬೇಸರಗೊಂಡ ನ್ಯಾಯಮೂರ್ತಿಗಳು, ಇಷ್ಟು ಮಹತ್ವದ ದಾಖಲೆಯನ್ನು ಹೀಗೆ ಅಡ್ಡಾದಿಡ್ಡಿ ಇಟ್ಟರೆ ಅದರ ಉದ್ದೇಶವೇ ಸೋತಂತೆ ಎಂದು ಬರೆದರು. ಡೈರಿ ಒಂದೇ ಸಂಪುಟವಾಗಿರಬೇಕು, ಅದಕ್ಕೆ ಪುಟಸಂಖ್ಯೆ ಹಾಕಿರಬೇಕು ಎಂಬ ಮಾತು ಕಾನೂನಿನೊಳಗೆ ಬರಲು 2008ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪುಟಕ್ಕೆ ನಂಬರ್ ಹಾಕಿ ಎಂದು ಸಂಸತ್ತೇ ಹೇಳಬೇಕಾಗಿ ಬಂತೆಂದರೆ ಅದಕ್ಕೆ ಮುಂಚೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ.

ಡೈರಿಗಿಂತ ನನಗೆ ಹೆಚ್ಚು ಕಾಡುವುದು ಸಾಕ್ಷಿಗಳ ಹೇಳಿಕೆ. ಹಳೆಯ 161, ಈಗಿನ 180ನೇ ಕಲಮಿನ ಕೆಳಗೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗಳು. ಕರ್ನಾಟಕದ ಯಾವುದೇ ಮೂಲೆಯ ಒಂದು ದೋಷಾರೋಪಣ ಪಟ್ಟಿ ತೆಗೆದು ಇವನ್ನು ಓದಿ. ಬೀದರಿನ ಕೂಲಿಯವನೂ ಕುಂದಾಪುರದ ಮೀನು ಮಾರುವ ಹೆಂಗಸೂ ಕೊಳ್ಳೇಗಾಲದ ಕುರಿಗಾಹಿಯೂ ಒಂದೇ ಕನ್ನಡ ಮಾತಾಡುತ್ತಾರೆ: ‘ಸದರಿ ದಿನದಂದು ನಾನು ನನ್ನ ಬಾಬ್ತು ಜಮೀನಿನಲ್ಲಿ ಕೆಲಸ ಮಾಡಿಕೊಂಡಿರುವಾಗ್ಗೆ, ಸದರಿ ಆಸಾಮಿಯು ಏಕಾಏಕಿ ಬಂದು, ಅವಾಚ್ಯ ಶಬ್ದಗಳಿಂದ ಬೈದು, ಪ್ರಾಣಬೆದರಿಕೆ ಹಾಕಿರುತ್ತಾನೆ.’ ಬೈದ ಶಬ್ದ ಯಾವುದು? ಬೆದರಿಕೆಯ ಮಾತು ಯಾವುದು? ಅಪರಾಧ ಇರುವುದೇ ಆ ಮಾತಿನಲ್ಲಿ, ಅದೇ ಮಾಯ. ಉಳಿದದ್ದು ‘ಸದರಿ’ ಮತ್ತು ‘ಇರುತ್ತಾನೆ’.

ಲ್ಯಾಪ್‌ಟಾಪ್ ಬಂದ ಮೇಲೆ ಇದು ಇನ್ನಷ್ಟು ಕೆಟ್ಟಿದೆ. ಮೊದಲಾದರೆ ಒಬ್ಬೊಬ್ಬರದ್ದನ್ನೂ ಕೈಯಲ್ಲಿ ಬರೆಯಬೇಕಿತ್ತು. ಬೇಸರಕ್ಕಾದರೂ ಎಲ್ಲೋ ಒಂದೆರಡು ಮಾತು ಬೇರೆಯಾಗುತ್ತಿದ್ದವು. ಈಗ ಕಾಪಿ, ಪೇಸ್ಟ್. ಏಳು ಸಾಕ್ಷಿಗಳ ಹೇಳಿಕೆಯಲ್ಲಿ ಒಂದೇ ಕಡೆ ಒಂದೇ ಕಾಗುಣಿತದ ತಪ್ಪು. ಒಮ್ಮೆ ನಾನು ಕಣ್ಣಾರೆ ಓದಿದ ಕಡತದಲ್ಲಿ ವಿಧವೆಯೊಬ್ಬರು ‘ನಾನು ನನ್ನ ಹೆಂಡತಿ ಮಕ್ಕಳೊಂದಿಗೆ ಮೇಲ್ಕಂಡ ವಿಳಾಸದಲ್ಲಿ ವಾಸವಾಗಿರುತ್ತೇನೆ’ ಎಂದಿದ್ದರು. ನಗು ಬಂತು, ನಿಜ. ಆದರೆ ಆ ಹೆಂಗಸು ನಿಜವಾಗಿ ಕಂಡದ್ದೇನಿತ್ತೋ ಅದು ಆ ಕಾಗದದಲ್ಲಿ ಇರಲೇ ಇಲ್ಲ.

ಭಾಷೆ ಬದಲಾದರೆ ಏನು ಮಹಾ, ಅರ್ಥ ಅದೇ ತಾನೆ ಎನ್ನುವವರಿದ್ದಾರೆ. ಅರ್ಥ ಅದೇ ಇರುವುದಿಲ್ಲ. ಮಂಗಳೂರು ಕಡೆಯ ಸಾಕ್ಷಿ ‘ಕತ್ತಿ’ ಎಂದರೆ ಅವರ ಕಣ್ಣ ಮುಂದಿರುವುದು ತೆಂಗಿನಕಾಯಿ ಕೆತ್ತುವ, ಸೌದೆ ಕಡಿಯುವ ಕತ್ತಿ. ಮಂಡ್ಯದಿಂದ ವರ್ಗವಾಗಿ ಬಂದ ಅಧಿಕಾರಿಗೆ ಅದು ಮಚ್ಚು. ಬರೆಯುವ ರೈಟರ್ ಶಿಷ್ಟವಾಗಲೆಂದು ‘ಚಾಕು’ ಎಂದು ಹಾಕಿದರೆ ಮುಗಿಯಿತು. ಕೋರ್ಟಿನಲ್ಲಿ ಮು.ಮಾ. 1, ಅಂದರೆ ಮುದ್ದೆಮಾಲು 1, ಎಂದು ಚೀಟಿ ಅಂಟಿಸಿಕೊಂಡು ಮೇಜಿನ ಮೇಲೆ ಬಿದ್ದಿರುವ ವಸ್ತುವನ್ನು ಸಾಕ್ಷಿಗೆ ತೋರಿಸುತ್ತಾರೆ. ‘ಇದು ಚಾಕುವೇ?’ ‘ಅಲ್ಲ, ಕತ್ತಿ.’ ‘ಪೊಲೀಸರಿಗೆ ಚಾಕು ಎಂದಿದ್ದೀರಲ್ಲ?’ ‘ನಾನು ಹಾಗೆ ಹೇಳಿಲ್ಲ.’ ಸಾಕ್ಷಿಯೂ ಸತ್ಯವಂತ, ಕತ್ತಿಯೂ ಅದೇ. ನಡುವೆ ಒಂದು ಶಬ್ದ ಅನುಮಾನ ಹುಟ್ಟಿಸಿ ಕೂತಿತು. ಕಲಬುರಗಿ ಕಡೆ ‘ಬಡಿದ’ ಎಂದದ್ದನ್ನು ‘ಹಲ್ಲೆ ಮಾಡಿದ’ ಎಂದು ಬರೆದರೆ ಕೈಯಲ್ಲಿ ಬಡಿದದ್ದೋ ಬಡಿಗೆಯಲ್ಲೋ ಎಂಬುದು ಹೋಯಿತು. ಗಾಯದ ಪ್ರಮಾಣಪತ್ರ ಬರೆದ ವೈದ್ಯರು ಮೊಂಡು ಆಯುಧ ಎಂದಿರುತ್ತಾರೆ. ಅದನ್ನು ಇದಕ್ಕೆ ಜೋಡಿಸುವುದು ಹೇಗೆ?

ಹೊತ್ತು, ದೂರಗಳ ಕತೆಯೂ ಇದೇ. ಹಳ್ಳಿಯ ಅಜ್ಜಿ ‘ದೀಪ ಹಚ್ಚೋ ಹೊತ್ತು’ ಎನ್ನುತ್ತಾಳೆ, ‘ಹಾಲು ಕರೆದು ಎದ್ದಿದ್ದೆ’ ಎನ್ನುತ್ತಾಳೆ. ದೂರ ಕೇಳಿದರೆ ‘ಒಂದು ಕೂಗಳತೆ’, ‘ಹತ್ತು ಮಾರು’. ಕಾಗದಕ್ಕೆ ಬರುವಾಗ ಅದು ‘ಸುಮಾರು 7-00 ಗಂಟೆ ಸಮಯದಲ್ಲಿ, ಸುಮಾರು 100 ಮೀಟರ್ ದೂರದಲ್ಲಿ’. ವಕೀಲರು ಬಿಡುತ್ತಾರೆಯೇ? ‘ಅಜ್ಜಿ, ನಿಮ್ಮ ಹತ್ತಿರ ವಾಚಿತ್ತಾ? ಮೀಟರ್ ಅಂದರೆ ಎಷ್ಟು ಗೊತ್ತಾ?’ ಅವಳಿಗೆ ಗೊತ್ತಿಲ್ಲ. ಗೊತ್ತಿದೆ ಎಂದು ಅವಳು ಹೇಳಿಯೂ ಇರಲಿಲ್ಲ. ದೀಪ ಹಚ್ಚೋ ಹೊತ್ತು ಎಂದೇ ಬರೆದು, ಆ ತಿಂಗಳ ಆ ದಿನ ಆ ಊರಲ್ಲಿ ಸೂರ್ಯ ಮುಳುಗಿದ್ದು ಎಷ್ಟಕ್ಕೆ ಎಂದು ಅಧಿಕಾರಿ ತಾವೇ ಪಕ್ಕದಲ್ಲಿ ಗುರುತು ಮಾಡಿಕೊಳ್ಳಬಹುದು. ಹತ್ತು ಮಾರು ಎಂದರೆ ಅವಳನ್ನೇ ಅಲ್ಲಿ ನಿಲ್ಲಿಸಿ ಟೇಪು ಹಿಡಿಯಬಹುದು. ಅವಳ ಮಾತು ಅವಳದಾಗಿ, ಅಳತೆ ಅಳೆದವರದಾಗಿ, ಎರಡೂ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಟಿಪ್ಪಣಿಯ ಶಿಸ್ತು ಎಂದು ನಾನು ಏನನ್ನಾದರೂ ಕರೆಯುವುದಿದ್ದರೆ ಇದನ್ನೇ.

ಇದರಲ್ಲಿ ನಾನೂ ಸಾಚಾ ಅಲ್ಲ. ವರದಿಗಾರನಾದ ಹೊಸದರಲ್ಲಿ ನೋಟ್‌ಬುಕ್ಕಿನಲ್ಲಿ ‘ಮೊನ್ನೆ ರಾತ್ರಿ ಜಗಳ’ ಎಂದು ಬರೆದುಕೊಂಡೆ, ತಾರೀಖು ಹಾಕಲಿಲ್ಲ. ನನ್ನ ಮಟ್ಟಿಗೆ ಮೊನ್ನೆ ಎಂದರೆ ನಿನ್ನೆಯ ಹಿಂದಿನ ದಿನ. ಹೇಳಿದವರ ಬಾಯಲ್ಲಿ ಅದು ಸುಮಾರು ಹತ್ತು ದಿನದ ಹಿಂದಿನದಾಗಿತ್ತು. ಮರುದಿನ ಪತ್ರಿಕೆಯಲ್ಲಿ ಸ್ಪಷ್ಟೀಕರಣ ಹಾಕಬೇಕಾಯಿತು. ಅಂದಿನಿಂದ ಇಂದಿನವರೆಗೆ ನನ್ನ ಟಿಪ್ಪಣಿಯ ಪ್ರತಿ ಪುಟದ ತಲೆಯಲ್ಲಿ ತಾರೀಖು, ಗಂಟೆ, ಊರು ಇರುತ್ತವೆ. ಕಿರಾಣಿ ಪಟ್ಟಿಯ ಮೇಲೂ ಇರುತ್ತವೆ ಎಂದು ಮನೆಯವರು ನಗುತ್ತಾರೆ.

ಬರೆಯದೆ ಬಿಟ್ಟದ್ದು ತಪ್ಪಾಗಿ ಬರೆದದ್ದಕ್ಕಿಂತಲೂ ಜೋರಾಗಿ ಹೊಡೆಯುತ್ತದೆ. ರಾತ್ರಿ ನಡೆದ ಹಲ್ಲೆ. ಪಕ್ಕದ ಮನೆಯವರು ಕರೆಂಟ್ ಕಂಬದ ಬೆಳಕಿನಲ್ಲಿ ಮುಖ ನೋಡಿದ್ದಾರೆ. ಪೊಲೀಸರ ಮುಂದೆ ಅದನ್ನು ಹೇಳಿಯೂ ಇರಬಹುದು. ಆದರೆ ಹೇಳಿಕೆಯಲ್ಲಿ ಕಂಬವೂ ಇಲ್ಲ, ಬೆಳಕೂ ಇಲ್ಲ. ಎರಡು ವರ್ಷ ಬಿಟ್ಟು ಕೋರ್ಟಿನಲ್ಲಿ ಅವರು ಮೊದಲ ಸಲ ಬೆಳಕಿನ ಮಾತೆತ್ತಿದರೆ ‘ಇದು ಈಗ ಸೇರಿಸಿದ್ದು’ ಎಂಬ ವಾದ ಏಳುತ್ತದೆ. ಮಹತ್ವದ ಸಂಗತಿಯೊಂದು ಹೇಳಿಕೆಯಲ್ಲಿ ಬಿಟ್ಟುಹೋಗಿದ್ದರೆ ಅದೂ ವ್ಯತ್ಯಾಸವೇ ಆಗಬಹುದೆಂದು ಕಾನೂನೇ ಹೇಳುತ್ತದೆ. 1959ರಲ್ಲಿ ಸುಪ್ರೀಂ ಕೋರ್ಟ್ ತಹಸೀಲ್ದಾರ್ ಸಿಂಗ್ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ವಿಸ್ತಾರವಾಗಿ ಚರ್ಚಿಸಿತ್ತು. 1973ರ ಸಂಹಿತೆ ಅದನ್ನು ವಿವರಣೆಯ ರೂಪದಲ್ಲಿ ಒಳಗೆ ತಂದುಕೊಂಡಿತು. ಇನ್ನು ಹಲ್ಲೆ ನಡೆದ ಜಾಗದ ನಕ್ಷೆಯನ್ನು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಂದು ಬರೆಯುತ್ತಾರೆ. ಅವರಿಗೆ ಯಾರೂ ಕಂಬ ತೋರಿಸಿರುವುದಿಲ್ಲ, ಅವರು ಅದನ್ನು ಗುರುತಿಸಿರುವುದಿಲ್ಲ. ಊರಲ್ಲಿ ಕಂಬ ನಿಂತೇ ಇದೆ, ದೀಪ ಉರಿಯುತ್ತಲೇ ಇದೆ. ಕಡತದಲ್ಲಿ ಮಾತ್ರ ಕತ್ತಲೆ.

ಒಂದೇ ವಾಕ್ಯದಲ್ಲಿ ಅರ್ಧ ಕೋರ್ಟಿಗೆ ಬೇಕು, ಅರ್ಧ ಬೇಡ ಎಂಬ ಸ್ಥಿತಿಯೂ ಉಂಟು. ‘ಅವನನ್ನು ಕಡಿದ ಮಚ್ಚನ್ನು ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ, ಬನ್ನಿ ತೋರಿಸ್ತೀನಿ’ ಎಂದು ಬಂಧನದಲ್ಲಿರುವ ಆರೋಪಿ ಹೇಳಿದ ಎನ್ನಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಅವನ ಮಾತಿನಿಂದ ಒಂದು ವಸ್ತು ಸಿಕ್ಕರೆ, ಆ ಸಿಕ್ಕಿದ್ದಕ್ಕೆ ನೇರವಾಗಿ ಅಂಟಿಕೊಂಡ ಮಾತಷ್ಟೇ ಒಳಗೆ ಬರುತ್ತದೆ. ಆಗಿನ ಮದರಾಸು ಪ್ರಾಂತ್ಯದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗಿ 1947ರಲ್ಲಿ ವರದಿಯಾದ ಪುಲುಕುರಿ ಕೊಟ್ಟಯ್ಯ ಪ್ರಕರಣ ಇಂದಿಗೂ ಇದಕ್ಕೆ ದಾರಿದೀಪ. ‘ಬಚ್ಚಿಟ್ಟಿದ್ದೇನೆ, ತೋರಿಸ್ತೀನಿ’ ಒಳಗೆ. ‘ಅವನನ್ನು ಕಡಿದ’ ಹೊರಗೆ. ಬಣವೆಯಿಂದ ಸಿಕ್ಕಿದ್ದು ಮಚ್ಚು, ಕಡಿದ ಕೃತ್ಯವಲ್ಲ.

ಹೀಗಿರುವಾಗ ಅವನ ಬಾಯಿಂದ ಬಂದ ಶಬ್ದಗಳನ್ನೇ ಬರೆದುಕೊಳ್ಳಬೇಡವೇ? ನಮ್ಮ ಎಷ್ಟೋ ಪಂಚನಾಮೆಗಳಲ್ಲಿ ಇರುವುದು ‘ಆರೋಪಿತನು ತೋರಿಸಿಕೊಟ್ಟ ಮೇರೆಗೆ ಅಮಾನತ್ತುಪಡಿಸಿಕೊಳ್ಳಲಾಯಿತು’ ಎಂಬ ಸಿದ್ಧವಾಕ್ಯ. 2022ರಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹಿಡಿದು ನಿಲ್ಲಿಸಿತು. ಪಂಚರನ್ನು ಮೊದಲು ಠಾಣೆಗೆ ಕರೆಸಬೇಕು, ಅವರ ಎದುರಿಗೆ ಆರೋಪಿ ತನ್ನ ಮಾತಿನಲ್ಲಿ ಹೇಳಬೇಕು, ಆಡಿದ ಮಾತು ಆಡಿದಂತೆ ಪಂಚನಾಮೆಯ ಮೊದಲ ಭಾಗಕ್ಕೆ ಇಳಿಯಬೇಕು, ಆಮೇಲೆ ಎಲ್ಲರೂ ಹೊರಡಬೇಕು ಎಂದು ನ್ಯಾಯಾಲಯ ಹಂತಹಂತವಾಗಿ ಬಿಡಿಸಿ ಹೇಳಿತು. ಆ ಪ್ರಕರಣದಲ್ಲಿ ಆರೋಪಿ ಖುಲಾಸೆಯಾದ.

ಮಹಜರಿನ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಚಕ್ಕುಬಂದಿ ಬರೆಯುವ ನಮ್ಮ ಪದ್ಧತಿ ಬಲು ಚೆಂದ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹುಣಸೆಮರ. ನಾಲ್ಕು ಸಾಲಿನಲ್ಲಿ ಜಾಗ ಕಣ್ಣಿಗೆ ಕಟ್ಟುತ್ತದೆ. ಇದು ಕಂದಾಯ ಇಲಾಖೆಯ ಶಾನುಭೋಗರ ಕಾಲದಿಂದ ಬಂದ ಕಣ್ಣು. ಚೆನ್ನಾಗಿ ಬರೆಯುವವರು ಇನ್ನೂ ಒಂದು ಮೆಟ್ಟಿಲು ಮುಂದೆ ಹೋಗುತ್ತಾರೆ. ಅವರು ‘ರಕ್ತ ಬಿದ್ದಿತ್ತು’ ಎನ್ನುವುದಿಲ್ಲ, ‘ರಕ್ತದಂತಹ ಕಲೆ’ ಎನ್ನುತ್ತಾರೆ. ರಕ್ತವೋ ಅಲ್ಲವೋ ಎಂದು ಹೇಳಬೇಕಾದದ್ದು ವಿಧಿವಿಜ್ಞಾನ ಪ್ರಯೋಗಾಲಯ. ‘ಚಿನ್ನದ ಸರ’ ಎನ್ನುವುದಿಲ್ಲ, ‘ಹಳದಿ ಲೋಹದ ಸರ’ ಎನ್ನುತ್ತಾರೆ. ಠಾಣೆಗೆ ತಂದ ಸರ ಪರೀಕ್ಷೆಯಲ್ಲಿ ಗಿಲೀಟು ಎಂದಾದರೆ, ಚಿನ್ನ ಎಂದು ಬರೆದ ಅಧಿಕಾರಿಯೇ ಕಳ್ಳನಾಗಿಬಿಡುತ್ತಾರೆ.

ಆದರೆ ನಾನು ಓದಿದ ಮಹಜರುಗಳೆಲ್ಲ ಸರಿಯಾಗಿ ಅರ್ಧ ಗಂಟೆ, ಒಂದು ಗಂಟೆ, ಒಂದೂವರೆ ಗಂಟೆಯಲ್ಲಿ ಮುಗಿದಿವೆ. ‘ಬೆಳಿಗ್ಗೆ 10-30ರಿಂದ 11-30ರವರೆಗೆ ಬರೆದು ಪೂರೈಸಲಾಯಿತು.’ ಹನ್ನೊಂದು ಹದಿನೇಳಕ್ಕೆ ಮುಗಿಸಿದ ಅಧಿಕಾರಿಯನ್ನು ನಾನು ಕಂಡಿಲ್ಲ. ಕಂಡರೆ ಅವರ ಕಾಗದವನ್ನು ಕಣ್ಣುಮುಚ್ಚಿ ನಂಬುತ್ತೇನೆ. ಜೊತೆಗೆ ಠಾಣೆಯ ಎದುರಿನ ಚಹಾ ಅಂಗಡಿಯವರೇ ಮತ್ತೆ ಮತ್ತೆ ಪಂಚರಾಗುವ ಪದ್ಧತಿ. ವಕೀಲರು ಅವರಿಗೆ ಸ್ಟಾಕ್ ಪಂಚರು ಎಂದೇ ಹೆಸರಿಟ್ಟಿದ್ದಾರೆ. ‘ಪೊಲೀಸರು ಹೇಳಿದಲ್ಲಿ ಸಹಿ ಹಾಕಿದೆ, ಏನು ಬರೆದಿತ್ತೋ ಗೊತ್ತಿಲ್ಲ’ ಎಂದು ಇವರು ಕೋರ್ಟಿನಲ್ಲಿ ನುಡಿದರೆ ಹುಣಸೆಮರವೂ ಹಳ್ಳವೂ ಯಾವ ಕೆಲಸಕ್ಕೂ ಬರುವುದಿಲ್ಲ.

ಅಪರಾಧದ ಜಾಗವನ್ನು ಹೇಗೆ ನೋಡಬೇಕು, ಹೇಗೆ ಬರೆಯಬೇಕು, ಹೇಗೆ ನಕ್ಷೆ ಹಾಕಬೇಕು ಎಂದು ಮೊದಲು ಶಾಸ್ತ್ರ ಕಟ್ಟಿದವರು ಆಸ್ಟ್ರಿಯಾದ ತನಿಖಾ ಮ್ಯಾಜಿಸ್ಟ್ರೇಟ್ ಹಾನ್ಸ್ ಗ್ರಾಸ್. 1893ರಲ್ಲಿ ಬಂದ ಅವರ ಕೈಪಿಡಿ ಇಂಗ್ಲಿಷಿಗೆ ಹೋದದ್ದು ನಮ್ಮ ಪಕ್ಕದ ಮದರಾಸಿನಲ್ಲಿ, 1906ರಲ್ಲಿ, ಇಲ್ಲಿನ ಪೊಲೀಸರಿಗೆ ಒಗ್ಗುವಂತೆ ತಿದ್ದಿದ ರೂಪದಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನೂರಿಪ್ಪತ್ತು ವರ್ಷದ ಹಿಂದೆಯೇ ಪಾಠ ಮನೆಬಾಗಿಲಿಗೆ ಬಂದಿತ್ತು.

ಅಂದವಾಗಿ ಬರೆದ ಟಿಪ್ಪಣಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣವನ್ನು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. 1974ರ ಅಕ್ಟೋಬರ್ 5ರಂದು ಗಿಲ್‌ಫರ್ಡ್ ಪಟ್ಟಣದ ಎರಡು ಪಬ್ಬುಗಳಲ್ಲಿ ಬಾಂಬ್ ಸಿಡಿದು ಐವರು ಸತ್ತರು. ಮೂವರು ಯುವಕರು ಮತ್ತು ಒಬ್ಬ ಹದಿಹರೆಯದ ಹುಡುಗಿಯನ್ನು ಹಿಡಿದರು. ತಪ್ಪೊಪ್ಪಿಗೆಗಳ ಮೇಲೆ ನಿಂತ ಪ್ರಕರಣದಲ್ಲಿ ಮರುವರ್ಷ ಜೀವಾವಧಿ ಶಿಕ್ಷೆಯಾಯಿತು. ವಿಚಾರಣಾ ಕೋಣೆಯಲ್ಲಿ ಮಾತಾಡುತ್ತಿದ್ದಂತೆಯೇ ಕೈಬರಹದಲ್ಲಿ ಬರೆದುಕೊಂಡೆವು ಎಂದು ಪೊಲೀಸರು ಟಿಪ್ಪಣಿ ಹಾಜರುಪಡಿಸಿದ್ದರು. ಹದಿನೈದು ವರ್ಷದ ಮೇಲೆ ಬೇರೊಂದು ಜಿಲ್ಲೆಯ ಪೊಲೀಸರು ಹಳೆಯ ಕಡತಗಳನ್ನು ತಿರುವುವಾಗ ಒಂದು ಟೈಪ್ ಮಾಡಿದ ಪ್ರತಿ ಸಿಕ್ಕಿತು. ಅದರ ಮೇಲೆ ಕೈಯಿಂದ ಸೇರಿಸಿದ್ದು, ಹೊಡೆದುಹಾಕಿದ್ದು, ಹಿಂದೆ ಮುಂದೆ ಮಾಡಿದ್ದು ಎಲ್ಲ ಇತ್ತು. ಆ ತಿದ್ದುಪಡಿಗಳೆಲ್ಲ ‘ಮಾತಾಡುತ್ತಿದ್ದಂತೆಯೇ ಬರೆದ’ ಕೈಬರಹದಲ್ಲಿ ಒಪ್ಪವಾಗಿ ಕೂತಿದ್ದವು. ಅಂದರೆ ಮೊದಲು ಕರಡು, ಆಮೇಲೆ ತಿದ್ದುಪಡಿ, ಕೊನೆಗೆ ‘ಅಸಲು’. 1989ರ ಅಕ್ಟೋಬರ್ 19ರಂದು ನಾಲ್ವರ ಶಿಕ್ಷೆಯೂ ರದ್ದಾಯಿತು. ಮೂವರು ಮಾಜಿ ಪೊಲೀಸರ ಮೇಲೆ ಮೊಕದ್ದಮೆ ನಡೆದು 1993ರಲ್ಲಿ ಅವರು ಖುಲಾಸೆಯಾದರು ಎಂಬುದನ್ನೂ ಹೇಳಿಬಿಡಬೇಕು. ಆ ನಾಲ್ವರ ಹದಿನೈದು ವರ್ಷ ಮಾತ್ರ ಯಾವ ಕಡತದಿಂದಲೂ ವಾಪಸ್ ಬರಲಿಲ್ಲ.

ಅದೇ ಕಾಲದ ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದ ಆರು ಮಂದಿ 1991ರಲ್ಲಿ ಬಿಡುಗಡೆಯಾದರು. ಅಲ್ಲಿ ಪೊಲೀಸ್ ಟಿಪ್ಪಣಿಗಳನ್ನು ಸ್ಥಾಯೀವಿದ್ಯುತ್ತಿನ ಯಂತ್ರವೊಂದಕ್ಕೆ ಒಡ್ಡಿದ್ದರು. ಮೇಲಿನ ಹಾಳೆಯ ಮೇಲೆ ಬರೆದಾಗ ಕೆಳಗಿನ ಹಾಳೆಗೆ ಬೀಳುವ ಒತ್ತು ಕಣ್ಣಿಗೆ ಕಾಣದು. ಆ ಹಾಳೆಯ ಮೇಲೆ ತೆಳುಪೊರೆ ಹೊದಿಸಿ, ವಿದ್ಯುತ್ ಹಾಯಿಸಿ, ಕಪ್ಪು ಪುಡಿ ಉದುರಿಸಿದರೆ ಒತ್ತಿನ ಗೆರೆಗಳು ಮೂಡುತ್ತವೆ. ಯಾವ ಹಾಳೆ ಯಾವುದರ ಮೇಲಿತ್ತು, ಯಾವುದನ್ನು ಆಮೇಲೆ ಸೇರಿಸಿದರು ಎಂಬ ಗುಟ್ಟು ಬಯಲಾಗುತ್ತದೆ. ಇಂಗ್ಲೆಂಡಿನ ಪೊಲೀಸರಿಗೆ ಪಾಕೆಟ್ ಪುಸ್ತಕದ ನಿಯಮ ಕಲಿಸುವಾಗ ಅಳಿಸಬೇಡಿ, ಹಾಳೆ ಕೀಳಬೇಡಿ, ಖಾಲಿ ಜಾಗ ಬಿಡಬೇಡಿ, ಅಕ್ಷರದ ಮೇಲೆ ಅಕ್ಷರ ಬರೆಯಬೇಡಿ, ಸಾಲುಗಳ ನಡುವೆ ತುರುಕಬೇಡಿ, ಬಿಡಿ ಚೀಟಿಯಲ್ಲಿ ಬರೆಯಬೇಡಿ ಎನ್ನುತ್ತಾರೆ. ನಮ್ಮ ಶಾಲೆಯ ಕಾಪಿ ಪುಸ್ತಕದ ಮೇಷ್ಟ್ರು ಇದರಲ್ಲಿ ಅರ್ಧವನ್ನಾದರೂ ಹೇಳಿಕೊಟ್ಟಿದ್ದರು.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಹೊಸ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ, ಜಪ್ತಿ, ವಸ್ತುಗಳ ಪಟ್ಟಿ, ಪಂಚರ ಸಹಿ ಎಲ್ಲವನ್ನೂ ಆಡಿಯೊ-ವಿಡಿಯೊದಲ್ಲಿ, ಆದಷ್ಟು ಮೊಬೈಲಿನಲ್ಲೇ ದಾಖಲಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದಕ್ಕಾಗಿ ಇ-ಸಾಕ್ಷ್ಯ ಎಂಬ ಆ್ಯಪ್ ಬಂದಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದೂ ಕಾನೂನು ಹೇಳುತ್ತದೆ. ಒಳ್ಳೆಯದೇ. ಆದರೆ ‘ಇನ್ನು ಬರೆಯುವ ಕಾಟ ತಪ್ಪಿತು’ ಎಂದುಕೊಂಡ ಅಧಿಕಾರಿಗಳನ್ನು ಕಂಡಿದ್ದೇನೆ; ಅದು ಭ್ರಮೆ. ಕೋಣೆಯಲ್ಲಿ ಸೀಮೆಎಣ್ಣೆ ವಾಸನೆ ಇತ್ತೆಂದು ವಿಡಿಯೊ ಹೇಳುವುದಿಲ್ಲ. ಒಲೆ ಮುಟ್ಟಿದಾಗ ಬೆಚ್ಚಗಿತ್ತೆಂದು ಹೇಳುವುದಿಲ್ಲ. ಕ್ಯಾಮೆರಾ ಆನ್ ಆಗುವ ಮುಂಚೆ ಬಾಗಿಲು ತೆರೆದಿತ್ತೋ, ಯಾರಾದರೂ ತೆರೆದರೋ ಎಂಬುದಂತೂ ಬರೆದವರ ಪುಸ್ತಕದಲ್ಲಷ್ಟೇ ಇರಲು ಸಾಧ್ಯ.

ಪೊಲೀಸರನ್ನಷ್ಟೇ ದೂರಿದರೆ ಅನ್ಯಾಯ. 2013ರ ಕಾಯ್ದೆ ಬಂದ ಮೇಲೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರತಿ ಕಚೇರಿಯಲ್ಲೂ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಎಂಜಿನಿಯರುಗಳು, ಲೆಕ್ಕಪತ್ರದವರು ಏಕಾಏಕಿ ತನಿಖಾಧಿಕಾರಿಗಳಾಗಿದ್ದಾರೆ. 90 ದಿನದಲ್ಲಿ ವಿಚಾರಣೆ ಮುಗಿಸಬೇಕು, ಆಮೇಲೆ 10 ದಿನದಲ್ಲಿ ವರದಿ ಕೊಡಬೇಕು. ಇಂಥ ಸಮಿತಿಯಲ್ಲಿದ್ದ ಪರಿಚಯದವರೊಬ್ಬರು ತಮ್ಮ ಮೊದಲ ದಿನದ ಟಿಪ್ಪಣಿಯ ಒಂದು ಸಾಲನ್ನು ಹೆಸರು ಮರೆಮಾಡಿ ತೋರಿಸಿದ್ದರು: ‘ದೂರುದಾರರು ನಂಬುವಂತೆ ಮಾತಾಡಲಿಲ್ಲ, ತಡವರಿಸುತ್ತಿದ್ದರು.’ ಎರಡನೆಯ ವರ್ಷದ ಟಿಪ್ಪಣಿ: ‘ಈ ಪ್ರಶ್ನೆಗೆ ಉತ್ತರಿಸುವ ಮುಂಚೆ ಎರಡು ಸಲ ನೀರು ಕೇಳಿದರು. ಕೈ ನಡುಗುತ್ತಿತ್ತು. ತಾರೀಖು ನೆನಪಿಲ್ಲ, ಅಂದು ಕಚೇರಿಯಲ್ಲಿ ಆಯುಧಪೂಜೆ ಇತ್ತು ಎಂದರು.’ ಮೊದಲನೆಯದು ತೀರ್ಪು. ಎರಡನೆಯದರಿಂದ ತಾರೀಖು ಸಿಕ್ಕಿತು. ಆಯುಧಪೂಜೆಯ ಹಾಜರಿ ದಾಖಲೆ ಇತ್ತು. ಎರಡು ವರ್ಷದಲ್ಲಿ ಕಲಿತದ್ದೇನು ಎಂದು ಕೇಳಿದೆ. ‘ವಿಶೇಷಣ ಬಿಟ್ಟೆ’ ಎಂದರು.

ಕೊನೆಗೆ ಓದುಗರಿಗೆ ಎರಡು ಮಾತು. ನಮ್ಮಲ್ಲಿ ಯಾರಾದರೂ ಒಂದಲ್ಲ ಒಂದು ದಿನ ದೂರುದಾರರೋ ಸಾಕ್ಷಿಯೋ ಪಂಚರೋ ಆಗಬಹುದು. ದೂರಿನ ಕೆಳಗೆ, ಮಹಜರಿನ ಕೆಳಗೆ ‘ಓದಿ ಹೇಳಿ ಕೇಳಿದೆ, ಸರಿ ಇರುತ್ತದೆ’ ಎಂದಿರುತ್ತದೆ. ನಿಜವಾಗಿಯೂ ಓದಿಸಿ ಕೇಳಿ. ನೀವು ಕತ್ತಿ ಎಂದಿದ್ದರೆ ಕತ್ತಿ ಎಂದೇ ಇರಲಿ ಎನ್ನಿ; ಕಂಬದ ದೀಪ ಬಿಟ್ಟಿದ್ದರೆ ಸೇರಿಸಲು ಹೇಳಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಸಾಕ್ಷಿಯಾಗಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಹಾಕಿಸಿಕೊಳ್ಳಬಾರದೆಂದು ಕಾನೂನೇ ಹೇಳಿದೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಒಂದು ಪೈಸೆ ತೆಗೆದುಕೊಳ್ಳದೆ ಕೊಡಬೇಕು. ಕೇಳಿ ಪಡೆಯಿರಿ, ಮನೆಗೆ ಹೋಗುವ ಮುಂಚೆ ಠಾಣೆಯ ಬೆಂಚಿನ ಮೇಲೆ ಕೂತೇ ಒಂದು ಸಲ ಪೂರ್ತಿ ಓದಿಕೊಳ್ಳಿ.